ಹಿರಿಯರಿಗೆ ಮರೆವು ಬಂದರೆ ಮೊದಲು ಗುಳಗಿಗಳ ಲೆಕ್ಕ ಹಾಕಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳಲ್ಲಿ ಎಪ್ಪತ್ತು ದಾಟಿದವರ ಔಷಧಿಗಳು ಒಂದೇ ಕಡೆಯಿಂದ ಬಂದಿರುವುದು ಅಪರೂಪ. ಬಿ.ಪಿ., ಶುಗರ್ ಗುಳಗಿ ತಾಲೂಕು ಆಸ್ಪತ್ರೆಯದು. ಅಂಗಾಲು ಉರಿಗೆ ಸೊಲ್ಲಾಪುರದ ಡಾಕ್ಟರು ಬರೆದದ್ದು ಒಂದು, ಹೈದರಾಬಾದಿನ ತಜ್ಞರು ಬರೆದದ್ದು ಇನ್ನೊಂದು. ಹೊಟ್ಟೆ ಉಬ್ಬರ, ನೆಗಡಿ, ತುರಿಕೆ, ನಿದ್ದೆಗೆ ಊರಿನ ಮೆಡಿಕಲ್‌ನಿಂದ ಬಿಡಿಬಿಡಿಯಾಗಿ ತಂದವು ಬೇರೆ. ಕೊಟ್ಟ ಪ್ರತಿಯೊಬ್ಬರಿಗೂ ಕಾರಣವಿತ್ತು, ಆದರೆ ಎಲ್ಲವನ್ನೂ ಒಟ್ಟಿಗೆ ಹರಡಿಕೊಂಡು ನೋಡಿದವರು ಯಾರೂ ಇಲ್ಲ. ಕೆಲವು ತಿಂಗಳ ಮೇಲೆ ಅಜ್ಜ ರಾತ್ರಿ ಎದ್ದು ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎನ್ನತೊಡಗಿದರೆ, "ಮುತ್ಯಾಗ ವಯಸ್ಸಾಗ್ಯಾದ, ಏನೇನೋ ಮಾತಾಡಲತ್ತಾನ" ಎಂದು ಮನೆಯವರು ಸುಮ್ಮನಾಗುತ್ತಾರೆ.

ಎಷ್ಟೋ ಸಲ ತಪ್ಪು ವಯಸ್ಸಿನದಲ್ಲ, ಗುಳಗಿಗಳ ಮೊತ್ತದ್ದು. ಆಂಟಿಕೋಲಿನರ್ಜಿಕ್ ಗುಣವಿರುವ, ಅಂದರೆ ನರಗಳ ಸುದ್ದಿ ಒಯ್ಯುವ ಒಂದು ರಾಸಾಯನಿಕವನ್ನು ತಡೆಯುವ ಔಷಧಿಗಳು ಒಂದರ ಮೇಲೊಂದು ಸೇರಿದಾಗ ಮುದಿ ಮಿದುಳು ತಡೆದುಕೊಳ್ಳುವುದಿಲ್ಲ. ಮರೆವಿನ ಎಲ್ಲ ಕಾರಣಗಳ ಪೈಕಿ ಸರಿಪಡಿಸಲು ಸಾಧ್ಯವಿರುವ ಕೆಲವೇ ಕಾರಣಗಳಲ್ಲಿ ಇದೊಂದು. ಆದ್ದರಿಂದಲೇ ಡಿಮೆನ್ಶಿಯಾ ಎಂಬ ಹಣೆಪಟ್ಟಿ ಹಚ್ಚುವ ಮೊದಲು ಈ ಲೆಕ್ಕ ಆಗಬೇಕು.

ತಡೆಯುವುದು ಏನನ್ನು?

ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳಲ್ಲಿ ಅಸೆಟೈಲ್‌ಕೋಲಿನ್ ಒಂದು. ಜೊಲ್ಲು ಸುರಿಯುವುದು, ಕರುಳು ಚಲಿಸುವುದು, ಮೂತ್ರಕೋಶ ಹಿಂಡಿಕೊಳ್ಳುವುದು, ಬೆವರುವುದು, ಕಣ್ಣಿನ ಪಾಪೆ ಕಿರಿದಾಗುವುದು ಎಲ್ಲಕ್ಕೂ ಅದು ಬೇಕು. ಮಿದುಳಿನಲ್ಲಿ ಗಮನ ಮತ್ತು ನೆನಪು ಅದರ ಕೆಲಸ. ಆಂಟಿಕೋಲಿನರ್ಜಿಕ್ ಔಷಧಿ ಅದು ಕೂರಬೇಕಾದ ಜಾಗವನ್ನು ಮುಚ್ಚಿಬಿಡುತ್ತದೆ. ಹೊಲದ ಬದುವಿನಲ್ಲಿ ಬೆಳೆಯುವ ಉಮ್ಮತ್ತಿ ಬೀಜ ತಿಂದವರಿಗೆ ಬಾಯಿ ಒಣಗಿ, ಮೈ ಸುಟ್ಟು, ಇಲ್ಲದ್ದು ಕಾಣುವುದು ಇದೇ ಕಾರಣಕ್ಕೆ. ಅದರಲ್ಲಿರುವ ಅಟ್ರೋಪಿನ್ ಮತ್ತು ಸ್ಕೋಪೊಲಮಿನ್ ಇದೇ ಬಳಗದವು.

ವಯಸ್ಸಾದಂತೆ ಮಿದುಳಿನಲ್ಲಿ ಅಸೆಟೈಲ್‌ಕೋಲಿನ್ ದಾಸ್ತಾನೇ ಕಡಿಮೆಯಾಗಿರುತ್ತದೆ. ರಕ್ತದಲ್ಲಿರುವುದು ಮಿದುಳಿಗೆ ನುಗ್ಗದಂತೆ ಕಾಯುವ ತಡೆಗೋಡೆ ಸಡಿಲವಾಗಿರುತ್ತದೆ. ಲಿವರ್, ಕಿಡ್ನಿ ಔಷಧಿಯನ್ನು ಹೊರಹಾಕುವುದು ನಿಧಾನ. ತುರಿಕೆಗೆ ಕೊಡುವ ಹೈಡ್ರಾಕ್ಸಿಝಿನ್ ಅರ್ಧದಷ್ಟು ಇಳಿಯಲು ಯುವಕರಲ್ಲಿ ಸುಮಾರು 20 ಗಂಟೆ ಬೇಕಾದರೆ ಹಿರಿಯರಲ್ಲಿ ಸುಮಾರು 29 ಗಂಟೆ ಬೇಕು. ರಾತ್ರಿ 9ಕ್ಕೆ ನುಂಗಿದ ಗುಳಗಿಯ ಅರ್ಧಕ್ಕಿಂತ ಹೆಚ್ಚು ಅಂಶ ಮರುದಿನ ರಾತ್ರಿಯ ಗುಳಗಿ ನುಂಗುವಾಗಲೂ ಮೈಯಲ್ಲೇ ಇರುತ್ತದೆ. ಮಗನಿಗೆ ಒಂದು ರಾತ್ರಿಯ ನಿದ್ದೆ ಕೊಡುವ ಗುಳಗಿ ತಂದೆಯನ್ನು ವಾರವಿಡೀ ಮಂಪರಿನಲ್ಲಿಡುವುದು ಹೀಗೆ.

ಎಲ್ಲೆಲ್ಲಿ ಅಡಗಿರುತ್ತದೆ

ರ‍್ಯಾಪರ್ ಮೇಲೆ "ಆಂಟಿಕೋಲಿನರ್ಜಿಕ್" ಎಂದು ಬರೆದಿರುವುದಿಲ್ಲ. ಬ್ರ್ಯಾಂಡ್ ಹೆಸರೂ ಸುಳಿವು ಕೊಡುವುದಿಲ್ಲ. ಸಣ್ಣ ಅಕ್ಷರದ ಘಟಕಾಂಶಗಳ ಸಾಲನ್ನು ಓದಬೇಕು, ಬೇಕಿದ್ದರೆ ಮೊಬೈಲ್‌ನಲ್ಲಿ ಫೋಟೊ ತೆಗೆದು ಹಿಗ್ಗಿಸಿ.

ನೆಗಡಿ ಗುಳಗಿಗಳಲ್ಲಿ ಬಹುಪಾಲಿನವು ಪ್ಯಾರಾಸಿಟಮಾಲ್ ಜೊತೆ ಕ್ಲೋರ್‌ಫೆನಿರಮಿನ್ ಇಟ್ಟುಕೊಂಡಿರುತ್ತವೆ. ಅನೇಕ ಕೆಮ್ಮಿನ ಸಿರಪ್‌ಗಳಲ್ಲೂ ಅದಿದೆ. ತುರಿಕೆಗೆ ಬಳಸುವ ಅವಿಲ್ ಅಂದರೆ ಫೆನಿರಮಿನ್, ಅಟರಾಕ್ಸ್ ಅಂದರೆ ಹೈಡ್ರಾಕ್ಸಿಝಿನ್. ಹಸಿವಾಗಲೆಂದು ಕೊಡುವ ಪ್ರಾಕ್ಟಿನ್ ಸೈಪ್ರೊಹೆಪ್ಟಡಿನ್. ಹೊಟ್ಟೆ ನೋವಿಗೆ ಸೈಕ್ಲೋಪಾಮ್, ಮೆಫ್ಟಾಲ್ ಸ್ಪಾಸ್ ಎರಡರಲ್ಲೂ ಡೈಸೈಕ್ಲೊಮಿನ್. ಕರುಳಿನ ತೊಂದರೆಗೆ ತಿಂಗಳುಗಟ್ಟಲೆ ನುಂಗುವ ನಾರ್ಮ್ಯಾಕ್ಸಿನ್‌ನಲ್ಲಿ ಡೈಸೈಕ್ಲೊಮಿನ್ 10 ಮಿ.ಗ್ರಾಂ, ಅದೇ ಬಳಗದ ಕ್ಲಿಡಿನಿಯಂ 2.5 ಮಿ.ಗ್ರಾಂ, ಜೊತೆಗೆ ಮಂಪರು ತರುವ ಕ್ಲೋರ್‌ಡಯಾಝೆಪಾಕ್ಸೈಡ್ 5 ಮಿ.ಗ್ರಾಂ. ಮೂರೂ ಹಿರಿಯರಿಗೆ ಆಗಿಬರುವವಲ್ಲ, ಮೂರೂ ಒಂದೇ ಗುಳಗಿಯಲ್ಲಿವೆ. ಆದರೂ ಇದರ ಮೇಲೆ ಅನುಮಾನ ಪಡುವವರು ಕಡಿಮೆ.

ಶುಗರ್‌ನಿಂದ ಬರುವ ಕಾಲುರಿಗೆ, ತಲೆನೋವಿಗೆ, ನಿದ್ದೆಗೆ ಕೊಡುವ ಅಮಿಟ್ರಿಪ್ಟಿಲಿನ್. ಮಾನಸಿಕ ಕಾಯಿಲೆಯ ಔಷಧಿಯ ಜೊತೆಗೆ ಬರುವ ಟ್ರೈಹೆಕ್ಸಿಫೆನಿಡಿಲ್, ಅಂದರೆ ಪ್ಯಾಸಿಟೇನ್. ಮಾನಸಿಕ ಕಾಯಿಲೆಗೇ ಕೊಡುವ ಓಲಾಂಝಪಿನ್, ಕ್ವೆಟಿಯಾಪಿನ್, ಕ್ಲೋಝಪಿನ್. ಪದೇಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಆಕ್ಸಿಬ್ಯುಟಿನಿನ್, ಟಾಲ್ಟೆರೊಡಿನ್, ಸಾಲಿಫೆನಾಸಿನ್ ಇವೂ ಇದೇ ಸಾಲಿನವು.

ಅಂಕ ಹಾಕುವ ರೀತಿ

2008ರಲ್ಲಿ ಅಮೆರಿಕದ ವೈದ್ಯರು ಎಸಿಬಿ (ಆಂಟಿಕೋಲಿನರ್ಜಿಕ್ ಕಾಗ್ನಿಟಿವ್ ಬರ್ಡನ್, ಅಂದರೆ ಈ ಔಷಧಿಗಳು ಮಿದುಳಿನ ಮೇಲೆ ಹೊರಿಸುವ ಹೊರೆ) ಎಂಬ ಅಂಕಪಟ್ಟಿ ಮಾಡಿದರು. ಪ್ರತಿ ಔಷಧಿಗೆ 1, 2 ಅಥವಾ 3 ಅಂಕ. ಒಬ್ಬರು ನುಂಗುವ ಎಲ್ಲದರ ಮೊತ್ತ 3 ಅಥವಾ ಹೆಚ್ಚಾದರೆ ಎಚ್ಚರ ವಹಿಸಬೇಕು. ಕ್ಲೋರ್‌ಫೆನಿರಮಿನ್, ಹೈಡ್ರಾಕ್ಸಿಝಿನ್, ಅಮಿಟ್ರಿಪ್ಟಿಲಿನ್, ಡೈಸೈಕ್ಲೊಮಿನ್, ಟ್ರೈಹೆಕ್ಸಿಫೆನಿಡಿಲ್, ಆಕ್ಸಿಬ್ಯುಟಿನಿನ್, ಕ್ವೆಟಿಯಾಪಿನ್ ಎಲ್ಲಕ್ಕೂ 3. ಸೈಪ್ರೊಹೆಪ್ಟಡಿನ್, ಕಾರ್ಬಮಝಪಿನ್‌ಗೆ 2. ನೀರಿಳಿಸುವ ಫ್ಯುರೋಸೆಮೈಡ್, ಬಿ.ಪಿ.ಯ ಅಟೆನೊಲಾಲ್, ಆತಂಕದ ಆಲ್ಪ್ರಝೊಲಾಮ್, ಹೃದಯದ ಡಿಗಾಕ್ಸಿನ್‌ಗೆ 1.

ಆಳಂದ ತಾಲೂಕಿನ 74 ವರ್ಷದ ಒಬ್ಬ ಅಜ್ಜಿಯ ಚೀಲ ಹೀಗಿರಬಹುದು ಎಂದು ಊಹಿಸಿಕೊಳ್ಳಿ: ಅಟೆನೊಲಾಲ್, ಫ್ಯುರೋಸೆಮೈಡ್, ಕಾಲುರಿಗೆ ಅಮಿಟ್ರಿಪ್ಟಿಲಿನ್ 25, ತುರಿಕೆಗೆ ಹೈಡ್ರಾಕ್ಸಿಝಿನ್ 25, ಹೊಟ್ಟೆಗೆ ಡೈಸೈಕ್ಲೊಮಿನ್ ಇರುವ ಗುಳಗಿ. ಒಂದು, ಒಂದು, ಮೂರು, ಮೂರು, ಮೂರು: ಒಟ್ಟು 11. ಅದರ ಮೇಲೆ ನೆಗಡಿಯೆಂದು ಎರಡು ದಿನ ಕ್ಲೋರ್‌ಫೆನಿರಮಿನ್ ಬಿದ್ದರೆ 14. ಅಜ್ಜಿ ಹಾಸಿಗೆ ಹಿಡಿದದ್ದು ನೆಗಡಿಯ ವಾರದಲ್ಲಾದ್ದರಿಂದ "ಥಂಡಿ ತಲಿಗೇರ್ಯಾದ" ಎನ್ನುತ್ತಾರೆ. ಅದಕ್ಕೂ ಮೊದಲಿದ್ದ 11 ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಪಟ್ಟಿಗೆ ಮಿತಿಯಿದೆ. ಪ್ರಮಾಣ ಎಷ್ಟೆಂದು ಅದು ಕೇಳುವುದಿಲ್ಲ. ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂಗೂ 75ಕ್ಕೂ ಅದೇ 3 ಅಂಕ. ಬೇರೆ ಬೇರೆ ತಂಡಗಳು ಮಾಡಿದ ಪಟ್ಟಿಗಳೂ ಎಲ್ಲ ಔಷಧಿಗಳ ಮೇಲೆ ಒಪ್ಪುವುದಿಲ್ಲ. ಅಂಕ ನೋಡಿ ಔಷಧಿ ನಿಲ್ಲಿಸುವುದಲ್ಲ, ಪ್ರಶ್ನೆ ಕೇಳಲು ಅಂಕ ಬಳಸುವುದು.

ದೀರ್ಘಕಾಲ ನುಂಗಿದರೆ ಡಿಮೆನ್ಶಿಯಾ ಬರುತ್ತದೆಯೇ? ಅಮೆರಿಕದಲ್ಲಿ 65 ದಾಟಿದ 3,434 ಜನರನ್ನು ಸರಾಸರಿ 7 ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ 2015ರ ಅಧ್ಯಯನದಲ್ಲಿ, ಅತಿ ಹೆಚ್ಚು ನುಂಗಿದವರಲ್ಲಿ ಅಪಾಯ ಸುಮಾರು ಒಂದೂವರೆ ಪಟ್ಟು ಕಂಡಿತು. ದಿನಕ್ಕೆ 5 ಮಿ.ಗ್ರಾಂ ಆಕ್ಸಿಬ್ಯುಟಿನಿನ್ ಮೂರು ವರ್ಷಕ್ಕೂ ಮೀರಿ ನುಂಗಿದಷ್ಟು ಮೊತ್ತವದು. 2019ರಲ್ಲಿ ಬ್ರಿಟನ್‌ನ ದೊಡ್ಡ ಅಧ್ಯಯನ ಖಿನ್ನತೆ, ಪಾರ್ಕಿನ್ಸನ್, ಮಾನಸಿಕ ಕಾಯಿಲೆ, ಮೂತ್ರಕೋಶದ ಗುಳಗಿಗಳಲ್ಲಿ ಈ ನಂಟು ಕಂಡಿತು. ಅಲರ್ಜಿ ಮತ್ತು ಹೊಟ್ಟೆ ನೋವಿನ ಗುಳಗಿಗಳಲ್ಲಿ ಕಾಣಲಿಲ್ಲ. ನಂಟು ಇದೆಯೆಂದ ಮಾತ್ರಕ್ಕೆ ಗುಳಗಿಯೇ ಕಾರಣವೆಂದು ಸಿದ್ಧವಾಗುವುದಿಲ್ಲ. ಆದರೆ ಇವತ್ತಿನ ಮಂಪರು, ಬೀಳುವಿಕೆ, ಗೊಂದಲಕ್ಕೆ ಇವು ಕಾರಣವಾಗಬಲ್ಲವು ಎಂಬುದರಲ್ಲಿ ಅನುಮಾನವಿಲ್ಲ, ಮತ್ತು ಅಲ್ಲಿ ಅಲರ್ಜಿ ಗುಳಗಿಗೂ ರಿಯಾಯಿತಿ ಇಲ್ಲ.

ಗುಳಗಿ ತಂದ ತೊಂದರೆಗೆ ಮತ್ತೊಂದು ಗುಳಗಿ

ಹೆಚ್ಚಿನ ಹಾನಿ ಆಗುವುದು ಇಲ್ಲಿ. ಮೂತ್ರದ ವಿಷಯವನ್ನೇ ನೋಡಿ. ಗುಳಗಿಯ ದೆಸೆಯಿಂದ ಮೂತ್ರಕೋಶ ಹಿಂಡಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ, ತುಂಬಿ ನಿಲ್ಲುತ್ತದೆ, ಕೊನೆಗೆ ಮೇಲಿಂದ ಹೊರಚೆಲ್ಲಿ ತೊಟ್ಟು ತೊಟ್ಟಾಗಿ ಸೋರುತ್ತದೆ. ಮನೆಯವರಿಗೆ ಕಾಣುವುದು ಒದ್ದೆಯಾದ ಧೋತರ ಮಾತ್ರ. "ಮೂತ್ರ ತಡ್ಕೊಳ್ಳಾಕ ಆಗಲ್ಲ" ಎಂದು ಹೇಳಿದಾಗ ಮೂತ್ರ ತಡೆಯುವ ಗುಳಗಿ ಸಿಗುತ್ತದೆ, ಅಂದರೆ ಇನ್ನೂ 3 ಅಂಕ. ಪ್ರಾಸ್ಟೇಟ್ ಊದಿರುವ ಗಂಡಸರಲ್ಲಿ ಮರುದಿನವೇ ಮೂತ್ರ ಪೂರ್ತಿ ಕಟ್ಟಿ ಕ್ಯಾಥೆಟರ್ ಹಾಕಬೇಕಾಗಬಹುದು. ಇದನ್ನು ತಪ್ಪಿಸುವ ಪರೀಕ್ಷೆ ತೀರ ಸುಲಭದ್ದು: ಮೂತ್ರ ಮಾಡಿ ಬಂದ ತಕ್ಷಣ ಸ್ಕ್ಯಾನಿಂಗ್‌ನಲ್ಲಿ ಎಷ್ಟು ಉಳಿದಿದೆ ಎಂದು ನೋಡುವುದು. 200 ಮಿ.ಲೀ. ಮೀರಿ ಉಳಿದಿದ್ದರೆ ಆ ಗುಳಗಿಗಳು ಬೇಡ.

ಮಲದ ಕಥೆಯೂ ಹಾಗೇ. ಗಟ್ಟಿ ಮಲ ಕಟ್ಟಿಕೊಂಡು ಅದರ ಸುತ್ತಲಿಂದ ನೀರುನೀರಾಗಿ ಸೋರಿದರೆ ಭೇದಿ ಎಂದು ತಿಳಿದು ಲೋಪೆರಮೈಡ್ ಕೊಡುತ್ತಾರೆ. ಕಟ್ಟು ಇನ್ನಷ್ಟು ಬಿಗಿಯಾಗುತ್ತದೆ.

ಮೂರನೆಯದು ಗ್ಯಾಸ್ ಗುಳಗಿಯಿಂದ ಶುರುವಾಗುತ್ತದೆ. ಪ್ಯಾಂಟೊಪ್ರಝೋಲ್ ಜೊತೆ ಲೆವೊಸಲ್ಪಿರೈಡ್ ಸೇರಿದ ಕ್ಯಾಪ್ಸೂಲ್ ತಿಂಗಳುಗಟ್ಟಲೆ ನುಂಗಿದ ಹಿರಿಯರಲ್ಲಿ ಕೈ ನಡುಕ, ಮೈ ಬಿಗಿತ, ಹೆಜ್ಜೆ ಎಳೆದು ನಡೆಯುವುದು ಕಾಣಿಸಿಕೊಳ್ಳಬಹುದು. ತಲೆ ಸುತ್ತಿಗೆಂದು ಬಿಡದೆ ನುಂಗುವ ಸಿನ್ನರಿಝಿನ್, ಪ್ರೊಕ್ಲೋರ್‌ಪೆರಝಿನ್‌ಗಳಿಂದಲೂ ಇದೇ ಆಗುತ್ತದೆ. ಅದನ್ನು ಪಾರ್ಕಿನ್ಸನ್ ಎಂದುಕೊಂಡು ಟ್ರೈಹೆಕ್ಸಿಫೆನಿಡಿಲ್ ಕೊಟ್ಟರೆ ನಡುಕ ಸ್ವಲ್ಪ ಕಡಿಮೆಯಾಗುತ್ತದೆ, ತಲೆ ಕೆಡುತ್ತದೆ. ತಲೆ ಕೆಟ್ಟಿದ್ದಕ್ಕೆ ಕ್ವೆಟಿಯಾಪಿನ್ ಬರುತ್ತದೆ. ಮೊದಲಿನ ಕ್ಯಾಪ್ಸೂಲ್ ಮಾತ್ರ ಬೆಳಿಗ್ಗೆ ಖಾಲಿ ಹೊಟ್ಟೆಗೆ ಹೋಗುತ್ತಲೇ ಇರುತ್ತದೆ. ಅದನ್ನು ಬಿಟ್ಟರೆ ಸಾಮಾನ್ಯವಾಗಿ ವಾರಗಳಿಂದ ಕೆಲವು ತಿಂಗಳೊಳಗೆ ನಡುಕ ಇಳಿಯುತ್ತದೆ. ಹೊಸ ನಡುಕದೊಂದಿಗೆ ಬಂದ ಯಾವ ಹಿರಿಯರ ಚೀಟಿಯಲ್ಲೂ ಮೊದಲು ಹುಡುಕಬೇಕಾದದ್ದು ಇದನ್ನೇ.

ಡಿಮೆನ್ಶಿಯಾಕ್ಕೆ ಕೊಡುವ ಡೊನೆಪೆಝಿಲ್ ಅಸೆಟೈಲ್‌ಕೋಲಿನ್ ಹೆಚ್ಚಿಸುತ್ತದೆ. ಜೊತೆಗೆ ಅಮಿಟ್ರಿಪ್ಟಿಲಿನ್ ಅಥವಾ ಆಕ್ಸಿಬ್ಯುಟಿನಿನ್ ಇದ್ದರೆ ಒಂದು ಎಳೆದದ್ದನ್ನು ಇನ್ನೊಂದು ತಳ್ಳುತ್ತದೆ. ದುಡ್ಡು ಎರಡಕ್ಕೂ ಹೋಗುತ್ತದೆ.

ನಮ್ಮ ಬಿಸಿಲು

ಬೆವರಿನ ಗ್ರಂಥಿಗೆ ಅಪ್ಪಣೆ ಕೊಡುವುದೂ ಅಸೆಟೈಲ್‌ಕೋಲಿನ್. ಅದನ್ನು ತಡೆದರೆ ಮೈ ಬೆವರುವುದಿಲ್ಲ, ಬಿಸಿ ಒಳಗೇ ಉಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 42, 43 ಡಿಗ್ರಿ ಮುಟ್ಟುವ, ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಈ ಭಾಗದಲ್ಲಿ ಇದು ಪುಸ್ತಕದ ಎಚ್ಚರಿಕೆಯಲ್ಲ. ತಗಡಿನ ಚಾವಣಿಯ, ಶಹಾಬಾದ್ ಕಲ್ಲು ಹೊದೆಸಿದ ಮನೆಗಳಲ್ಲಿ ಸಂಜೆಯ ನಂತರವೂ ಸೆಕೆ ಇಳಿಯುವುದಿಲ್ಲ. ನೀರಿಳಿಸುವ ಗುಳಗಿಯೂ ಜೊತೆಗಿದ್ದರೆ ಅಪಾಯ ಎರಡು ಕಡೆಯಿಂದ. ಪಾಯಿಖಾನೆ ಅಂಗಳದಾಚೆ ಇದ್ದರೆ ರಾತ್ರಿ ಏಳಬೇಕಾಗುತ್ತದೆಂದು ಹಿರಿಯರು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಮನೆಯವರು ಕೇಳದಿದ್ದರೆ ಇದು ಗೊತ್ತೇ ಆಗುವುದಿಲ್ಲ.

ಆದ್ದರಿಂದ ಔಷಧಿಗಳ ಮರುಪರಿಶೀಲನೆಗೆ ಮಾರ್ಚ್ ಒಳ್ಳೆಯ ತಿಂಗಳು. ಬೇಸಿಗೆಯಲ್ಲಿ ಮೈ ಸುಡುತ್ತಿದ್ದು ಬೆವರೇ ಇಲ್ಲದಿದ್ದರೆ, ಮಾತು ತೊದಲಿದರೆ, ನೆರಳಿಗೆ ಒಯ್ದು ಬಟ್ಟೆ ಸಡಿಲಿಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಹಾಕುತ್ತ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಸುರಿಯಬೇಡಿ.

ಮನೆಯವರು ಗಮನಿಸಬೇಕಾದದ್ದು

ಮೊದಲ ಸುಳಿವು ಊಟದ ಹೊತ್ತಿಗೆ ಸಿಗುತ್ತದೆ. ಜೀವನವಿಡೀ ಜೋಳದ ರೊಟ್ಟಿ ತಿಂದವರು ಒಂದು ದಿನ "ರೊಟ್ಟಿ ಗಂಟಲಾಗ ಇಳೀವಲ್ದು" ಎಂದು ಹುಳಿಯಲ್ಲಿ ನೆನೆಸಿ ತಿನ್ನತೊಡಗಿದರೆ, ಹಲ್ಲಿನ ಸೆಟ್ ನಿಲ್ಲುತ್ತಿಲ್ಲ ಎಂದರೆ, ಬಾಯಿ ಒಣಗಿದೆಯೇ ನೋಡಿ. ನಾಲಿಗೆ ಮೇಲೆ ಬಿರುಕು, ಮಾತಾಡುವಾಗ ತುಟಿ ಅಂಟುವುದು ಗುರುತು. ಆಮೇಲೆ ಮಲಬದ್ಧತೆ, ಹತ್ತಿರದ ಅಕ್ಷರ ಮಸುಕಾಗುವುದು, ಎದ್ದಾಗ ಚಕ್ಕರ್.

ಗೊಂದಲ ಹಠಾತ್ತನೆ, ಒಂದೆರಡು ದಿನದಲ್ಲಿ ಬಂದು ಬೆಳಿಗ್ಗೆ ಕಡಿಮೆ, ಸಂಜೆ ಹೆಚ್ಚು ಎಂಬಂತಿದ್ದರೆ ಅದು ಡಿಮೆನ್ಶಿಯಾ ಅಲ್ಲ, ಡೆಲಿರಿಯಂ. ಓದು ಬರದವರಿಗೂ ಆಗುವ ಒಂದು ಪರೀಕ್ಷೆ ಇದೆ: ವಾರಗಳನ್ನು ಹಿಂದಿನಿಂದ ಹೇಳಿಸಿ. ಐತವಾರ, ಶನಿವಾರ, ಶುಕ್ರವಾರ ಎಂದು ಶುರುಮಾಡಿ ನಡುವೆ ದಾರಿ ತಪ್ಪಿ ಮತ್ತೆ ಮುಂದಿನಿಂದ ಹೇಳತೊಡಗಿದರೆ ಗಮನ ನಿಲ್ಲುತ್ತಿಲ್ಲ. ಸೋಂಕು, ಸೋಡಿಯಂ ಇಳಿಕೆ, ಶುಗರ್ ಏರುಪೇರು, ತಲೆಗೆ ಪೆಟ್ಟು ಇವೂ ಕಾರಣವಾಗಬಹುದಾದ್ದರಿಂದ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆರೇಳು ಗಂಟೆ ಮೂತ್ರವಿಲ್ಲದೆ ಕಿಬ್ಬೊಟ್ಟೆ ಬಿಗಿದಿದ್ದರೆ, ಕಣ್ಣು ಕೆಂಪಾಗಿ ನೋವಿನ ಜೊತೆ ವಾಂತಿಯಾದರೆ, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ದರೆ ಬೆಳಗಾಗುವವರೆಗೆ ಕಾಯಬಾರದು.

ಇಳಿಸುವ ಕ್ರಮ

ಮನೆಯಲ್ಲಿರುವ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ: ಗುಳಗಿ, ಸಿರಪ್, ಕಣ್ಣಿನ ಹನಿ, ಇನ್ಹೇಲರ್, ನಾಟಿ ಔಷಧಿ, ಹಾಸಿಗೆ ಕೆಳಗಿನ ಅರ್ಧ ರ‍್ಯಾಪರ್ ಕೂಡ. ಒಂದು ಹಾಳೆಯಲ್ಲಿ ಘಟಕಾಂಶದ ಹೆಸರು, ಎಷ್ಟು ಮಿ.ಗ್ರಾಂ, ಯಾವ ಹೊತ್ತು, ಯಾರು ಬರೆದರು, ಯಾವುದಕ್ಕೆ, ಯಾವಾಗಿನಿಂದ ಎಂದು ಬರೆಯಿರಿ. "ಯಾವುದಕ್ಕೆ" ಎಂಬ ಅಂಕಣ ಖಾಲಿ ಉಳಿದ ಗುಳಗಿಯನ್ನೇ ಮೊದಲು ಪ್ರಶ್ನಿಸಬೇಕು. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೆಡಿಸಿನ್ ಓಪಿಡಿಗೆ ಚೀಲ ಮತ್ತು ಹಾಳೆ ಎರಡನ್ನೂ ಒಯ್ಯಿರಿ. "ಡಾಕ್ಟ್ರೇ, ಇದರಾಗ ಯಾವುದು ಬಿಡಬಹುದು ನೋಡ್ರಿ" ಎಂದು ಕೇಳದಿದ್ದರೆ ಜನ ತುಂಬಿದ ಓಪಿಡಿಯಲ್ಲಿ ಆ ಪ್ರಶ್ನೆ ತಾನಾಗಿ ಏಳುವುದಿಲ್ಲ.

ಎಲ್ಲವನ್ನೂ ಒಮ್ಮೆಲೇ ಬಿಡಬಾರದು. ಅಪಾಯ ಹೆಚ್ಚು, ಅಗತ್ಯ ಕಡಿಮೆ ಇರುವುದು ಮೊದಲು. ಒಂದು ಸಲಕ್ಕೆ ಒಂದು. ಆಗೊಮ್ಮೆ ಈಗೊಮ್ಮೆ ನುಂಗುವ ನೆಗಡಿ ಗುಳಗಿ, ಹೊಟ್ಟೆ ನೋವಿನ ಗುಳಗಿ ಇವತ್ತೇ ನಿಲ್ಲಬಹುದು. ತಿಂಗಳುಗಟ್ಟಲೆ ದಿನವೂ ನುಂಗಿದ್ದನ್ನು ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕಾಲು ಭಾಗದಿಂದ ಅರ್ಧದಷ್ಟು ಇಳಿಸುತ್ತ ಹೋಗಬೇಕು. ಅಮಿಟ್ರಿಪ್ಟಿಲಿನ್ 25 ಆಗಿದ್ದರೆ 10 ಮಿ.ಗ್ರಾಂನ ಎರಡು, ಆಮೇಲೆ ಒಂದು, ಆಮೇಲೆ ನಿಲುಗಡೆ. ಹಠಾತ್ತನೆ ಬಿಟ್ಟರೆ ಇಷ್ಟು ದಿನ ತಡೆಹಿಡಿದದ್ದು ಒಮ್ಮೆಲೇ ತಿರುಗಿಬೀಳುತ್ತದೆ: ವಾಕರಿಕೆ, ವಾಂತಿ, ಬೆವರು, ಜೊಲ್ಲು, ನಿದ್ದೆಗೇಡು, ಚಡಪಡಿಕೆ. ನಾರ್ಮ್ಯಾಕ್ಸಿನ್ ತರಹದ್ದನ್ನು ದಿನವೂ ನುಂಗಿದವರು ಅದರಲ್ಲಿರುವ ಕ್ಲೋರ್‌ಡಯಾಝೆಪಾಕ್ಸೈಡ್ ಕಾರಣಕ್ಕೂ ನಿಧಾನವಾಗಿಯೇ ಬಿಡಬೇಕು.

ಪ್ಯಾಸಿಟೇನ್ ವಿಷಯದಲ್ಲಿ ಮನೆಯಲ್ಲಿ ಕೈಯಾಡಿಸಬಾರದು. ಆದರೆ ಪ್ರಶ್ನೆ ಕೇಳಲೇಬೇಕು: ಮಾನಸಿಕ ಕಾಯಿಲೆಯ ಔಷಧಿ ಜೊತೆ ಇದನ್ನು ಮುನ್ನೆಚ್ಚರಿಕೆಗೆಂದು ಎಲ್ಲರಿಗೂ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಹೇಳಿದೆ, ಆದರೂ ಹತ್ತಾರು ವರ್ಷ ಹಳೆಯ ಚೀಟಿಗಳಲ್ಲಿ ಅದು ಮುಂದುವರಿಯುತ್ತಲೇ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್‌ನಲ್ಲಿ ಮನೋವೈದ್ಯರು ಸಿಗುತ್ತಾರೆ.

ಬದಲಿ ಕೊಡದೆ ಬಿಡಿಸಿದ ಗುಳಗಿ ಮತ್ತೆ ಮನೆ ಸೇರುತ್ತದೆ. ತುರಿಕೆಗೆ ಮೊದಲು ಕಜ್ಜಿ ಇದೆಯೇ ನೋಡಬೇಕು, ಇದ್ದರೆ ಮನೆಯ ಎಲ್ಲರಿಗೂ ಒಂದೇ ದಿನ ಮೈಗೆ ಹಚ್ಚುವ ಪರ್ಮೆಥ್ರಿನ್. ಒಣಚರ್ಮಕ್ಕೆ ಸ್ನಾನವಾದ ಕೂಡಲೇ ಕೊಬ್ಬರಿ ಎಣ್ಣೆ. ಗುಳಗಿಯೇ ಬೇಕೆಂದರೆ ಫೆಕ್ಸೊಫೆನಡಿನ್, ಕಿಡ್ನಿ ನೋಡಿಕೊಂಡು. ಕಾಲುರಿಗೆ ಡುಲೊಕ್ಸೆಟಿನ್ ಅಥವಾ ಕಿಡ್ನಿಗೆ ತಕ್ಕ ಪ್ರಮಾಣದ ಗ್ಯಾಬಪೆಂಟಿನ್. ಎರಡನೆಯದು ತಲೆ ಸುತ್ತು ತರಬಹುದು, ಸಣ್ಣ ಪ್ರಮಾಣದಿಂದ ಶುರುವಾಗಬೇಕು. ಮಗ್ಗಲು ಬದಲಿಸಿದಾಗ ಮಾತ್ರ ಬರುವ ಚಕ್ಕರ್‌ಗೆ ಡಾಕ್ಟರು ತಲೆ ತಿರುಗಿಸಿ ಮಾಡುವ ಎಪ್ಲೆ ಕ್ರಮವೇ ಮದ್ದು, ತಿಂಗಳ ಗುಳಗಿಯಲ್ಲ. ಮೂತ್ರದ ಅವಸರಕ್ಕೆ ಎರಡು ಗಂಟೆಗೊಮ್ಮೆ ಹೊತ್ತು ನೋಡಿ ಹೋಗುವುದು, ಸಂಜೆಯ ಚಹಾ ಬಿಡುವುದು, ಮಲಬದ್ಧತೆ ಸರಿಪಡಿಸುವುದು, ಸಾಲದಿದ್ದರೆ ಬಿ.ಪಿ. ನೋಡಿಕೊಂಡು ಮಿರಾಬೆಗ್ರಾನ್.

ಇಳಿಸತೊಡಗಿದ ಮೇಲೆ ಬಾಯಿ ಮತ್ತು ಮಲ ಕೆಲವೇ ದಿನಗಳಲ್ಲಿ ಸುಧಾರಿಸುತ್ತವೆ, ತಲೆ ತಿಳಿಯಾಗಲು ವಾರಗಳು ಬೇಕು. ಪ್ರತಿ ಹೆಜ್ಜೆಯ ದಿನಾಂಕವನ್ನು ಅದೇ ಹಾಳೆಯಲ್ಲಿ ಬರೆಯಿರಿ. ಹಳೆಯ ತೊಂದರೆ ನಿಜವಾಗಿ ಮರಳಿದರೆ ಹಿಂದಿನ ಪ್ರಮಾಣಕ್ಕೆ ಹೋಗಿ ಡಾಕ್ಟರ ಜೊತೆ ಮಾತಾಡಿ. ಎಲ್ಲ ಇಳಿಸಿ ಆರು ವಾರವಾದರೂ ಮರೆವು ಹಾಗೇ ಇದ್ದರೆ ಬಿ12, ಥೈರಾಯ್ಡ್, ಸೋಡಿಯಂ, ಶುಗರ್, ಕಿಡ್ನಿ ಪರೀಕ್ಷೆ ಮಾಡಿಸಿ, ಕಿವಿ ಮತ್ತು ಕಣ್ಣು ತೋರಿಸಿ, ಆಮೇಲೆ ನರರೋಗ ತಜ್ಞರ ಹತ್ತಿರ ಹೋಗಿ. ಹೋಗುವಾಗ ಆ ಹಾಳೆಯನ್ನು ಒಯ್ಯಿರಿ, ಯಾವ ಗುಳಗಿ ಯಾವಾಗ ನಿಂತಿತು ಎಂಬುದೇ ಅವರು ಕೇಳುವ ಮೊದಲ ಪ್ರಶ್ನೆ.